ದಿನಾ ಬರೆಯಲು ಏನು ಸಿಗುತ್ತದೆ?

ಪ್ರಶ್ನೆ: ರೆಸಿಡೆನ್ಸಿಗೆ ಬರುವ ಕಲಾವಿದರು ದಿನಾ ಚಿತ್ರ ಬರೆಯುತ್ತಾರಂತೆ. ದಿನಕ್ಕೊಂದು ಸ್ಫೂರ್ತಿ ಎಲ್ಲಿಂದ ಬರುತ್ತದೆ?
– ಓದುಗರು, ಚಾಮರಾಜಪೇಟೆ

ಬದಲಾಗದ್ದನ್ನು ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೈಗಡಿಯಾರ ಕಟ್ಟಿದ ಸ್ವಲ್ಪ ಹೊತ್ತಿಗೆ ಅದರ ಬಿಗಿ ಮರೆತುಹೋಗುವ ಹಾಗೆ, ದಿನಾ ಓಡಾಡುವ ಬೀದಿಯೂ ಗಮನಕ್ಕೆ ಬರುವುದಿಲ್ಲ. ಹೊಸ ಊರಿನಲ್ಲಿ ಈ ಮರೆವು ಇರುವುದಿಲ್ಲ. ಬೆಂಗಳೂರಿನ ಶಾಂತಿನಗರದಲ್ಲಿ ಕಲಾವಿದ ಸುರೇಶ್ ಜಯರಾಂ ಕಟ್ಟಿದ, ಕಲಾವಿದರು ಕೆಲಕಾಲ ತಂಗಿ ಕೆಲಸ ಮಾಡುವ ‘1 ಶಾಂತಿರೋಡ್’ ರೆಸಿಡೆನ್ಸಿಗೆ ಬಂದಿಳಿಯುವವರಿಗೆ ಮೊದಮೊದಲು ಆಟೋ, ರಂಗೋಲಿ ಎಲ್ಲವೂ ವಿಷಯವೇ.

ಆ ಹೊಸತನ ಮುಗಿದ ಮೇಲೆ? ಆಗ ಸ್ಫೂರ್ತಿಗೆ ಕಾಯದೆ ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಿಕೊಳ್ಳುವುದು ಉಪಾಯ. ಗಾಂಧಿ ಬಜಾರಿನಲ್ಲಿ ಒಂದೇ ಹೂವಿನಂಗಡಿಯ ಮುಂದೆ ಕೂತರೆ ಮೊದಲ ದಿನ ಕಾಣುವುದು ಬರೀ ಹೂರಾಶಿ. ಕೆಲವು ದಿನ ಕಳೆದರೆ ಒದ್ದೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಬೆರಳು, ಮೊಳ ಹಾಕುವಾಗ ಮಡಚುವ ಮೊಣಕೈ ಕಾಣತೊಡಗುತ್ತವೆ. ಗೆರೆ ಎಳೆಯಬೇಕೆಂದರೆ ಕಿರುಬೆರಳು ಎತ್ತ ಬಾಗಿದೆಯೆಂದು ನೋಡಲೇಬೇಕಲ್ಲ! ಹಾಗೆ ನೋಡುವಾಗಲೇ ನಾಳೆಯ ಚಿತ್ರವೂ ಸಿಗುತ್ತದೆ. ನನ್ನ ಕೇಳಿದರೆ, ಕಾರ್ತಿಕದ ಕೊನೆಯ ಸೋಮವಾರ ಅಲ್ಲೇ ಹತ್ತಿರ ನಡೆಯುವ ಕಡಲೆಕಾಯಿ ಪರಿಷೆಯ ಗದ್ದಲಕ್ಕಿಂತ ಮಾಮೂಲಿ ಮಂಗಳವಾರವೇ ಇದಕ್ಕೆ ವಾಸಿ.

ಇದಕ್ಕೆ ರೆಸಿಡೆನ್ಸಿಯೇ ಬೇಕೆಂದಿಲ್ಲ. ನಿಮ್ಮ ಚಾಮರಾಜಪೇಟೆಯ ಮಕ್ಕಳ ಕೂಟದ ಹತ್ತಿರವೇ ಪೆನ್ಸಿಲ್ ಹಿಡಿದು ಒಂದು ವಾರ ಕೂತು ನೋಡಿ.