ಟ್ರಾನ್ಸಾಕ್ಷನ್ ಹಾಕಿದರೂ ಒಂದೇ ಸೀಟು ಇಬ್ಬರಿಗೆ ಹೋಗೋದು ಯಾಕೆ?

"ಕೋಡನ್ನೆಲ್ಲಾ ಬಿಗಿನ್, ಕಮಿಟ್ ನಡುವೆ ಹಾಕಿದ್ದೀನಿ, ಇನ್ನೇನು ಭಯ?" ಅಂತ ನಮ್ಮಲ್ಲಿ ತುಂಬಾ ಜನ ಅಂದ್ಕೊಂಡಿರ್ತಾರೆ. ಆದರೆ ಅದರಿಂದ ಗ್ಯಾರಂಟಿಯಾಗಿ ಸಿಗೋದು ಒಂದೇ: ಕೆಲಸ ಆದರೆ ಪೂರ್ತಿ ಆಗುತ್ತೆ, ಇಲ್ಲದಿದ್ದರೆ ಏನೂ ಆಗಲ್ಲ. ಪಕ್ಕದಲ್ಲೇ ಓಡ್ತಿರೋ ಇನ್ನೊಂದು ಟ್ರಾನ್ಸಾಕ್ಷನ್‌ನಿಂದ ರಕ್ಷಣೆ ಎಷ್ಟು ಅನ್ನೋದು ಐಸೋಲೇಷನ್ ಲೆವೆಲ್ ಮೇಲೆ ನಿಂತಿದೆ.

ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೆ ಹೋಗೋ ಬಸ್ಸು ಅಂದ್ಕೊಳ್ಳಿ. ಉಳಿದಿರೋದು 1 ಸೀಟು. ಇಬ್ಬರು ಒಂದೇ ಕ್ಷಣಕ್ಕೆ ಬುಕ್ ಬಟನ್ ಒತ್ತುತ್ತಾರೆ. ಎರಡು ರಿಕ್ವೆಸ್ಟ್, ಎರಡು ಟ್ರಾನ್ಸಾಕ್ಷನ್. ಎರಡೂ ಓದಿದಾಗ 1 ಸೀಟು ಕಾಣುತ್ತೆ. ಎರಡೂ 1 ಕಳೆದು 0 ಅಂತ ಬರೆಯುತ್ತವೆ, ಎರಡೂ ಕಮಿಟ್ ಆಗುತ್ತವೆ. ಎರರ್ ಇಲ್ಲ, ಲಾಗ್‌ನಲ್ಲೂ ಏನಿಲ್ಲ. ರಾತ್ರಿ ಬಸ್ ಬಾಗಿಲಲ್ಲಿ ಮಾತ್ರ ಎರಡು ಟಿಕೆಟ್, ಒಂದು ಸೀಟು. ಇದೇ ಲಾಸ್ಟ್ ಅಪ್‌ಡೇಟ್.

ಪೋಸ್ಟ್‌ಗ್ರೆಸ್‌ನಲ್ಲಿ ಡೀಫಾಲ್ಟ್ ಲೆವೆಲ್ ರೀಡ್ ಕಮಿಟೆಡ್. ಬೇರೆಯವರು ಇನ್ನೂ ಕಮಿಟ್ ಮಾಡದ ಡೇಟಾ ನಿಮಗೆ ಕಾಣಲ್ಲ ಅನ್ನೋದಷ್ಟೇ ಅದರ ಭರವಸೆ. ಮೇಲಿನ ಕಥೆಯಲ್ಲಿ ಆ ಭರವಸೆ ಮುರಿದೇ ಇಲ್ಲ! ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ಡೀಫಾಲ್ಟ್ ರಿಪೀಟಬಲ್ ರೀಡ್. ಹೆಸರು ಗಟ್ಟಿ, ಆದರೆ ಸಾದಾ ಸೆಲೆಕ್ಟ್ ಸ್ನಾಪ್‌ಶಾಟ್‌ನಿಂದ ಓದೋದರಿಂದ ಅಲ್ಲೂ ಇದೇ ಗತಿ. ಪೋಸ್ಟ್‌ಗ್ರೆಸ್‌ನ ರಿಪೀಟಬಲ್ ರೀಡ್ ಮಾತ್ರ ಎರಡನೆಯ ಅಪ್‌ಡೇಟ್‌ಗೆ 40001 ಎರರ್ ಕೊಟ್ಟು ತಡೆಯುತ್ತೆ. ಆಗ ಇಡೀ ಟ್ರಾನ್ಸಾಕ್ಷನ್ ಮತ್ತೆ ಓಡಿಸೋ ಕೆಲಸ ನಿಮ್ಮ ಕೋಡ್‌ನದ್ದು.

ದಾರಿ ಮೂರು ಇವೆ.

ಒಂದು: ಮೊದಲು ಓದಿ ಆಮೇಲೆ ಬರೆಯೋದನ್ನೇ ಬಿಡಿ. "ಸೀಟು 0ಗಿಂತ ಜಾಸ್ತಿ ಇದ್ದರೆ 1 ಕಳೆ" ಅಂತ ಒಂದೇ ಅಪ್‌ಡೇಟ್ ಬರೆಯಿರಿ. ಎಷ್ಟು ರೋ ಬದಲಾಯ್ತು ನೋಡಿ. 0 ಬಂದರೆ ಸೀಟು ಖಾಲಿ ಆಗಿದೆ ಅಂತ ಅರ್ಥ. ನಾನು ಮೊದಲು ಆರಿಸೋದು ಇದನ್ನೇ.

ಎರಡು: ಓದಿದ ಮೇಲೆ ನಡುವೆ ಲಾಜಿಕ್ ಜಾಸ್ತಿ ಇದ್ದರೆ ಸೆಲೆಕ್ಟ್ ಫಾರ್ ಅಪ್‌ಡೇಟ್ ಬಳಸಿ. ಅದೇ ರೋಗೆ ಲಾಕ್ ಕೇಳೋ ಎರಡನೆಯವರು ಕಾಯ್ತಾರೆ. ಆದರೆ ಲಾಕ್ ಹಿಡಿದುಕೊಂಡು ಪೇಮೆಂಟ್ ಗೇಟ್‌ವೇ ಕರೀಬೇಡಿ. ಅದು ನಿಧಾನ ಆದರೆ ಹಿಂದೆ ಸಾಲು ಬೆಳೆದು ಕನೆಕ್ಷನ್ ಪೂಲ್ ಬರಿದಾಗುತ್ತೆ.

ಮೂರು: ವರ್ಷನ್ ಕಾಲಮ್. ಓದುವಾಗ ವರ್ಷನ್ 7 ಇತ್ತು, ಬರೆಯುವಾಗಲೂ 7 ಇದ್ದರೆ ಮಾತ್ರ ಬರೆದು 8 ಮಾಡಿ. ಬಳಕೆದಾರರು ಹತ್ತು ನಿಮಿಷ ತುಂಬೋ ಫಾರ್ಮ್‌ಗಳಿಗೆ ಇದು ಸೂಕ್ತ.

ಇದರ ಜೊತೆಗೆ ಟ್ರಿಪ್ ಮತ್ತು ಸೀಟ್ ನಂಬರ್ ಸೇರಿಸಿ ಒಂದು ಯುನೀಕ್ ಕನ್‌ಸ್ಟ್ರೈಂಟ್ ಇರಲಿ. ಕೋಡ್ ತಪ್ಪಿದರೂ ಡೇಟಾಬೇಸ್ ಬಿಡಲ್ಲ.

ಒಬ್ಬರೇ ಕ್ಲಿಕ್ ಮಾಡೋ ಟೆಸ್ಟ್‌ನಲ್ಲಿ ಈ ಬಗ್ ಸಿಗೋದೇ ಇಲ್ಲ. ಇವತ್ತೇ ಎರಡು ಟರ್ಮಿನಲ್ ತೆರೆದು, ಎರಡರಲ್ಲೂ ಬಿಗಿನ್ ಕೊಟ್ಟು, ಒಂದೊಂದೇ ಸಾಲು ಓಡಿಸಿ ನೋಡಿ. ಐದು ನಿಮಿಷ ಸಾಕು. ಏನು ಕಂಡಿತು ಅಂತ ತಿಳಿಸಿ, ಮುಂದಿನ ವಾರ ಡೆಡ್‌ಲಾಕ್ ಬಗ್ಗೆ ಮಾತಾಡೋಣ.