ಗೇಟಿನಲ್ಲಿ ನಿಂತ ವಾಚ್‌ಮನ್ ಯಾರ ಕಡೆಯವನು?

ಕಳೆದ ವರ್ಷ ಒಂದು ಭಾನುವಾರ ಊರಿಂದ ಅಪ್ಪ ಫೋನ್ ಮಾಡಿದ್ರು. ಧ್ವನಿ ಸಣ್ಣಗಿತ್ತು. "ಒಂದು ತಪ್ಪಾಗೋಯ್ತು ಕಣಮ್ಮ" ಅಂದ್ರು. ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಬೇಕಿತ್ತಂತೆ. ಫೋನಿನಲ್ಲಿ ಹುಡುಕಿದ್ದಾರೆ. ಎಲ್ಲಕ್ಕಿಂತ ಮೇಲೆ ಬಂದ ಲಿಂಕ್ ಒತ್ತಿ, ಅಲ್ಲಿದ್ದ ನಂಬರಿಗೆ ಕರೆ ಮಾಡಿದ್ದಾರೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ಒಂದು ಆ್ಯಪ್ ಹಾಕಿಸಿ, ಒಟಿಪಿ ಹೇಳಿಸಿಕೊಂಡಿದ್ದಾನೆ. 22 ಸಾವಿರ ರೂಪಾಯಿ ಹೋಯ್ತು. ಅಪ್ಪ ಗಣಿತದ ಮೇಷ್ಟ್ರಾಗಿ ರಿಟೈರ್ ಆದವರು. ಲೆಕ್ಕ ಗೊತ್ತಿಲ್ಲದವರಲ್ಲ.

ಆ ಲಿಂಕಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಪದ ಇತ್ತು: ಪ್ರಾಯೋಜಿತ. ಅಂದ್ರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಥವು ಕಾಣಿಸೋದೇ ಇಲ್ಲ, ಯಾಕಂದ್ರೆ ವರ್ಷಗಳ ಹಿಂದೆಯೇ ಆ್ಯಡ್ ಬ್ಲಾಕರ್ ಹಾಕಿಕೊಂಡಿದ್ದೀನಿ. ಎಂಜಿನಿಯರಿಂಗ್ ಓದಿದ ನಾನು ಅಪ್ಪನ ಫೋನಿಗೆ ಅದನ್ನ ಹಾಕಿಕೊಟ್ಟಿರಲಿಲ್ಲ. ತಪ್ಪು ಅವರದ್ದಲ್ಲ, ನನ್ನದು.

ಹಾಗಾಗಿ ಆ್ಯಡ್ ಬ್ಲಾಕರ್ ಅಂದ್ರೆ ಬರೀ ಕಿರಿಕಿರಿ ತಪ್ಪಿಸೋ ಸಾಧನ ಅಂದುಕೊಳ್ಳಬೇಡಿ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಜನರಿಗೆ ಒಂದು ಎಚ್ಚರಿಕೆ ಕೊಟ್ಟಿತು: ಹುಡುಕಾಟದ ಜಾಹೀರಾತುಗಳಲ್ಲಿ ವಂಚಕರು ಅಸಲಿ ಕಂಪನಿಗಳ ವೇಷ ಹಾಕ್ತಿದ್ದಾರೆ, ಹುಡುಕುವಾಗ ಆ್ಯಡ್ ಬ್ಲಾಕರ್ ಬಳಸಿ ಅಂತ. ಪೊಲೀಸರೇ ಹೇಳಿದ ಮೇಲೆ ಇದು ಮನೆಗೆ ಬೀಗ ಹಾಕಿದ ಹಾಗೆ ಅಂತಾಯ್ತು.

ಈಗ ಸಮಸ್ಯೆ ಏನಪ್ಪಾ ಅಂದ್ರೆ, ಆ ಬೀಗದ ನಿಯಮವೇ ಬದಲಾಗಿದೆ.

ಏನಾಗಿದೆ ನೋಡಿ. ಒಂದು ವೆಬ್ ಪುಟ ತೆರೆದ್ರೆ ಅದು ಒಂದೇ ಜಾಗದಿಂದ ಬರೋದಿಲ್ಲ. ಫೋಟೋ ಒಂದು ಕಡೆಯಿಂದ, ವಿಡಿಯೋ ಇನ್ನೊಂದು ಕಡೆಯಿಂದ, ಜಾಹೀರಾತು, ನಿಮ್ಮ ಬೆನ್ನು ಹತ್ತೋ ಟ್ರ್ಯಾಕರ್‌ಗಳು ಹತ್ತಾರು ಕಡೆಯಿಂದ. ಪ್ರತಿಯೊಂದಕ್ಕೂ ಬ್ರೌಸರ್ ಬೇರೆ ಬೇರೆ ಕೋರಿಕೆ ಕಳಿಸುತ್ತೆ. ಬ್ಲಾಕರ್ ತಡೆಯೋದು ಆ ಕೋರಿಕೆಗಳನ್ನ.

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟ್ ನೆನಪಿಸಿಕೊಳ್ಳಿ. ಹಳೇ ವ್ಯವಸ್ಥೆಯಲ್ಲಿ ನೀವೇ ಇಟ್ಟುಕೊಂಡ ವಾಚ್‌ಮನ್ ಗೇಟಿನಲ್ಲಿ ನಿಂತು, ಬಂದ ಪ್ರತಿಯೊಬ್ಬರ ಮುಖ ನೋಡಿ, ಬಿಡಬೇಕೋ ಬೇಡವೋ ಅಂತ ತಾನೇ ತೀರ್ಮಾನ ಮಾಡ್ತಿದ್ದ. ಹೊಸ ವ್ಯವಸ್ಥೆಯಲ್ಲಿ ಗೇಟಿನಲ್ಲಿ ನಿಲ್ಲೋದು ಅಸೋಸಿಯೇಷನ್ ಕಡೆಯ ಸೆಕ್ಯುರಿಟಿ. "ಇಂಥವರನ್ನ ಬಿಡಬೇಡಿ" ಅಂತ ನಿಮ್ಮ ವಾಚ್‌ಮನ್ ಮೊದಲೇ ಒಂದು ಪಟ್ಟಿ ಬರೆದುಕೊಡಬಹುದು, ಅಷ್ಟೇ. ಆ ಪಟ್ಟಿಗೂ ಮಿತಿ ಇದೆ. ಒಂದು ಎಕ್ಸ್‌ಟೆನ್ಷನ್‌ಗೆ ಖಾತ್ರಿಯಾಗಿ ಸಿಗೋದು 30,000 ನಿಯಮ. ಅದಕ್ಕಿಂತ ಹೆಚ್ಚು ಬೇಕಂದ್ರೆ ಎಲ್ಲ ಎಕ್ಸ್‌ಟೆನ್ಷನ್‌ಗಳೂ ಹಂಚಿಕೊಳ್ಳೋ ಒಂದು ಸಾಮಾನ್ಯ ಕೋಟಾದಿಂದ ತಗೋಬೇಕು. ಪಟ್ಟಿ ಬದಲಾಗಬೇಕಂದ್ರೆ ಬಹುತೇಕ ಸಲ ಎಕ್ಸ್‌ಟೆನ್ಷನ್ನೇ ಅಪ್‌ಡೇಟ್ ಆಗಬೇಕು. ಜಾಹೀರಾತಿನವರು ದಿನಕ್ಕೊಂದು ವೇಷ ಹಾಕೋ ಕಾಲದಲ್ಲಿ ಇದು ನಿಧಾನವೇ.

ಈ ಹೊಸ ವ್ಯವಸ್ಥೆಯ ಹೆಸರು ಮ್ಯಾನಿಫೆಸ್ಟ್ ವಿ3. ತಂದಿದ್ದು ಗೂಗಲ್ ಕ್ರೋಮ್. 2024ರ ಜೂನ್‌ನಲ್ಲಿ ಹಳೇ ಎಕ್ಸ್‌ಟೆನ್ಷನ್‌ಗಳ ಮೇಲೆ ಎಚ್ಚರಿಕೆ ಕಾಣಿಸೋಕೆ ಶುರುವಾಯ್ತು. 2025ರ ಮಧ್ಯದ ಹೊತ್ತಿಗೆ ಕ್ರೋಮ್‌ನಲ್ಲಿ ಅವುಗಳ ಬಾಗಿಲು ಮುಚ್ಚಿತು. ಕೋಟ್ಯಂತರ ಜನ ನಂಬಿದ್ದ ಯುಬ್ಲಾಕ್ ಆರಿಜಿನ್ ಕೂಡ ಅಲ್ಲಿಗೆ ನಿಂತಿತು.

ಗೂಗಲ್ ಹೇಳೋದೇನು? ಇದು ಸುರಕ್ಷತೆಗಾಗಿ, ವೇಗಕ್ಕಾಗಿ ಅಂತ. ಆ ಮಾತನ್ನ ತಳ್ಳಿಹಾಕೋ ಹಾಗಿಲ್ಲ. ಪ್ರತಿ ಪುಟವನ್ನೂ ನೋಡೋ ಅಧಿಕಾರ ಇರೋ ಎಕ್ಸ್‌ಟೆನ್ಷನ್ ಕೆಟ್ಟವರ ಕೈಗೆ ಸಿಕ್ಕಿದ್ರೆ ಕಥೆ ಮುಗಿಯಿತು. ದಿ ಗ್ರೇಟ್ ಸಸ್ಪೆಂಡರ್ ಅನ್ನೋ ಜನಪ್ರಿಯ ಎಕ್ಸ್‌ಟೆನ್ಷನ್ ಹೀಗೇ ಕೈ ಬದಲಾಗಿ, ಒಳಗೆ ಹಾನಿಕರ ಕೋಡ್ ಸೇರಿ, 2021ರಲ್ಲಿ ಸ್ಟೋರ್‌ನಿಂದ ಹೊರಬಿತ್ತು. ಆಪಲ್ ಕೂಡ 2015ರಿಂದಲೇ ಐಫೋನ್ ಸಫಾರಿಯಲ್ಲಿ ಇಂಥದ್ದೇ ಪಟ್ಟಿ ಪದ್ಧತಿ ಇಟ್ಟಿದೆ.

ಆದ್ರೆ ಇನ್ನೊಂದು ಲೆಕ್ಕವನ್ನೂ ನೋಡಿ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ 2024ರ ಆದಾಯ ಸುಮಾರು 350 ಶತಕೋಟಿ ಡಾಲರ್. ಅದರಲ್ಲಿ ಸುಮಾರು 265 ಶತಕೋಟಿ ಬಂದಿದ್ದು ಜಾಹೀರಾತಿನಿಂದ. ನಾಲ್ಕರಲ್ಲಿ ಮೂರು ಪಾಲು! ಜಾಹೀರಾತು ಮಾರೋರೇ ಗೇಟಿನ ನಿಯಮ ಬರೆದ್ರೆ ಪ್ರಶ್ನೆ ಕೇಳೋದು ತಪ್ಪಾ? ಉದ್ದೇಶ ಏನೇ ಇರಲಿ, ಬೀಗದ ಮೇಲಿನ ಹಿಡಿತ ನಿಮ್ಮಿಂದ ಅವರ ಕೈಗೆ ಹೋಯ್ತು ಅನ್ನೋದಂತೂ ನಿಜ.

ಇಲ್ಲಿ ನನ್ನದೂ ಒಂದು ಮಾತು ಹೇಳಿಬಿಡ್ತೀನಿ. ನಾನು ಕೂತಿರೋ ಈ ಕುರ್ಚಿಗೂ ಸಂಬಳ ಬರೋದು ಜಾಹೀರಾತಿನಿಂದಲೇ. ನೀವು ನಮ್ಮ ವೆಬ್‌ಸೈಟ್‌ನಲ್ಲಿ ಬ್ಲಾಕರ್ ಹಾಕಿದ್ರೆ ನಮಗೂ ನಷ್ಟ. ಆದ್ರೂ ಹೇಳ್ತಿದ್ದೀನಿ, ಯಾರನ್ನ ಒಳಗೆ ಬಿಡಬೇಕು ಅನ್ನೋದನ್ನ ಮನೆಯವರೇ ತೀರ್ಮಾನ ಮಾಡಲಿ. ಯಾವ ಸೈಟ್ ಮೇಲೆ ನಿಮಗೆ ನಂಬಿಕೆ ಇದೆಯೋ ಅಲ್ಲಿ ಒಂದೇ ಕ್ಲಿಕ್‌ನಲ್ಲಿ ಬ್ಲಾಕರ್ ಆಫ್ ಮಾಡಬಹುದು. ಆ ನಂಬಿಕೆ ಗಳಿಸೋದು ನಮ್ಮ ಕೆಲಸ.

ಹಾಗಾದ್ರೆ ಏನ್ ಮಾಡಬೇಕು? ಒಂದೊಂದಾಗಿ ನೋಡೋಣ.

ಕ್ರೋಮ್ ಬಿಡೋಕೆ ಮನಸ್ಸಿಲ್ವಾ? ಕಂಪ್ಯೂಟರಿನಲ್ಲಿ ಯುಬ್ಲಾಕ್ ಆರಿಜಿನ್ ಲೈಟ್ ಹಾಕಿಕೊಳ್ಳಿ. ಹೊಸ ನಿಯಮದೊಳಗೇ ಕೆಲಸ ಮಾಡುತ್ತೆ. ಸಾಮಾನ್ಯ ಬಳಕೆಗೆ ಸಾಕು. ಮೊದಲಿನಷ್ಟು ಶಕ್ತಿ ಇಲ್ಲ, ಆದ್ರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮಾತ್ರ ಎಕ್ಸ್‌ಟೆನ್ಷನ್ ಹಾಕೋಕೇ ಆಗೋದಿಲ್ಲ. ನಮ್ಮಲ್ಲಿ ಹೆಚ್ಚಿನವರ ಇಂಟರ್ನೆಟ್ ಇರೋದೇ ಫೋನಿನಲ್ಲಿ, ಇದನ್ನ ಮರೀಬೇಡಿ.

ಪೂರ್ತಿ ಶಕ್ತಿಯ ಬ್ಲಾಕರ್ ಬೇಕಾ? ಫೈರ್‌ಫಾಕ್ಸ್. ಹಳೇ ಪದ್ಧತಿಯನ್ನೂ ಉಳಿಸಿಕೊಳ್ತೀವಿ ಅಂತ ಅದನ್ನ ಮಾಡೋ ಮೊಜಿಲ್ಲಾ ಹೇಳಿದೆ. ಯುಬ್ಲಾಕ್ ಆರಿಜಿನ್ ಕಂಪ್ಯೂಟರಿನಲ್ಲೂ ನಡೆಯುತ್ತೆ, ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತೆ. ಆದ್ರೆ ಒಂದು ವಿಚಿತ್ರ ಕೇಳಿ: ಮೊಜಿಲ್ಲಾ ಆದಾಯದ ದೊಡ್ಡ ಪಾಲು ಬರೋದು ಗೂಗಲ್‌ನಿಂದಲೇ, ಗೂಗಲ್ ಹುಡುಕಾಟವನ್ನ ಮುಂದಿಟ್ಟಿದ್ದಕ್ಕೆ. ಇಂಥ ಪಾವತಿಗಳ ಮೇಲೆ ಅಮೆರಿಕದ ಕೋರ್ಟಿನಲ್ಲಿ ದೊಡ್ಡ ಕೇಸೇ ನಡೀತು. 2025ರ ಸೆಪ್ಟೆಂಬರ್ ತೀರ್ಪು ಪಾವತಿಯನ್ನ ಪೂರ್ತಿ ನಿಲ್ಲಿಸಲಿಲ್ಲ. ಮೊಜಿಲ್ಲಾ ಉಸಿರಾಡಿತು.

ಏನೂ ಸೆಟ್ಟಿಂಗ್ ಮಾಡೋ ತಾಳ್ಮೆ ಇಲ್ವಾ? ಬ್ರೇವ್ ನೋಡಿ. ಕ್ರೋಮ್‌ನ ತಳಪಾಯವಾದ ಕ್ರೋಮಿಯಂ ಮೇಲೆಯೇ ಕಟ್ಟಿದ್ದು, ಆದ್ರೆ ಬ್ಲಾಕರ್ ಒಳಗೇ ಇದೆ. ಎಕ್ಸ್‌ಟೆನ್ಷನ್ ಅಲ್ಲವಾದ್ದರಿಂದ ಹೊಸ ನಿಯಮ ಅದಕ್ಕೆ ತಟ್ಟೋದಿಲ್ಲ. ಆದ್ರೆ ಬ್ರೇವ್‌ಗೂ ತನ್ನದೇ ಜಾಹೀರಾತು ವ್ಯವಹಾರ ಇದೆ, ಕ್ರಿಪ್ಟೋ ಸೌಲಭ್ಯಗಳಿವೆ. ಬೇಡವಾದ್ರೆ ಅವನ್ನ ಮುಟ್ಟಬೇಡಿ.

ಐಫೋನ್ ಇರೋರಿಗೆ: ಭಾರತದಲ್ಲಿ ಯಾವ ಬ್ರೌಸರ್ ಹಾಕಿದ್ರೂ ಒಳಗಿನ ಎಂಜಿನ್ ಆಪಲ್‌ನದ್ದೇ. ಸಫಾರಿಗೆ ಒಂದು ಒಳ್ಳೆ ಕಂಟೆಂಟ್ ಬ್ಲಾಕರ್ ಸೇರಿಸಿಕೊಂಡ್ರೆ ಸಾಕು.

ಎರಡು ಎಚ್ಚರಿಕೆ. ಹೆಸರು ಸರಿಯಾಗಿ ನೋಡಿ ಹಾಕಿ. "ಯುಬ್ಲಾಕ್" ಅಂತ ಬೇರೆಯದೂ ಇದೆ. ನಿಮಗೆ ಬೇಕಾಗಿದ್ದು ಪಕ್ಕದಲ್ಲಿ "ಆರಿಜಿನ್" ಇರೋದು, ರೇಮಂಡ್ ಹಿಲ್ ಮಾಡಿರೋದು. ಆತ ದುಡ್ಡು ಕೇಳೋದಿಲ್ಲ, ದೇಣಿಗೆಯೂ ಬೇಡ ಅಂತಾರೆ. ಯಾರಾದ್ರೂ ಅದರ ಹೆಸರಲ್ಲಿ ದುಡ್ಡು ಕೇಳಿದ್ರೆ ನಕಲಿ. ಎರಡನೇದು, ಬ್ರೌಸರ್‌ನ ಬ್ಲಾಕರ್ ಯೂಟ್ಯೂಬ್ ಆ್ಯಪ್, ಫೇಸ್‌ಬುಕ್ ಆ್ಯಪ್ ಒಳಗೆ ಕೆಲಸ ಮಾಡೋದಿಲ್ಲ. ಅಲ್ಲಿ ನಿಮ್ಮ ಬುದ್ಧಿಯೇ ಬ್ಲಾಕರ್. ಬ್ಯಾಂಕ್ ನಂಬರ್ ಬೇಕಂದ್ರೆ ಎಟಿಎಂ ಕಾರ್ಡಿನ ಹಿಂದೆ ನೋಡಿ. ದುಡ್ಡು ಹೋಯ್ತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಒಂದು ಗಂಟೆ ತಡವಾದ್ರೂ ದುಡ್ಡು ಕೈ ತಪ್ಪಬಹುದು.

ಮುಂದಿನ ವಾರ ಊರಿಗೆ ಹೋದಾಗ ಅಪ್ಪನ ಫೋನಿಗೆ ಫೈರ್‌ಫಾಕ್ಸ್, ಯುಬ್ಲಾಕ್ ಆರಿಜಿನ್ ಹಾಕಿ ಅದನ್ನೇ ಮುಖ್ಯ ಬ್ರೌಸರ್ ಮಾಡಿದೆ. ಹತ್ತು ನಿಮಿಷದ ಕೆಲಸ. ಅಪ್ಪ ಸ್ವಲ್ಪ ಹೊತ್ತು ಸುದ್ದಿ ಓದಿ, "ಎಷ್ಟು ಖಾಲಿ ಖಾಲಿ ಇದೆಯಲ್ಲಮ್ಮ, ಇದನ್ನ ಮೊದಲೇ ಯಾಕೆ ಮಾಡಲಿಲ್ಲ?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಅಪ್ಪನೋ ಅಮ್ಮನೋ ಈ ಪ್ರಶ್ನೆ ಕೇಳೋ ಮೊದಲು ಆ ಹತ್ತು ನಿಮಿಷ ಕೊಟ್ಟುಬಿಡಿ.