ಎಳಿತೈತೆ ಬಿಡಿ ಸಾರ್

ಮೆಕ್ಕೆಜೋಳದ ಸುಗ್ಗಿಯಲ್ಲಿ ಹೊಳಲ್ಕೆರೆ ರಸ್ತೆಯ ಯಾವುದಾದರೂ ವೇಬ್ರಿಡ್ಜ್ ಮುಂದೆ ಅರ್ಧ ಗಂಟೆ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಎಳಿತೈತೆ ಬಿಡಿ ಸಾರ್, ಇನ್ನೊಂದು ಟನ್ ಹಾಕಿದ್ರೂ ಎಳಿತೈತೆ." ಮಾತು ಸುಳ್ಳಲ್ಲ, ಟ್ರ್ಯಾಕ್ಟರ್ ನಿಜಕ್ಕೂ ಎಳೆಯುತ್ತದೆ. ಟ್ರೇಲರ್‌ಗೆ ಎಷ್ಟು ಭಾರ ಹೇರಬಹುದು ಎಂಬ ಪ್ರಶ್ನೆಯನ್ನು ಎಳೆಯುವ ಶಕ್ತಿಯಿಂದ ಅಳೆಯಹೊರಟರೆ ಮಾತ್ರ ಲೆಕ್ಕ ದಾರಿ ತಪ್ಪುತ್ತದೆ.

ಒಂದು ಉದಾಹರಣೆ ಹಿಡಿಯೋಣ. 45 ಅಶ್ವಶಕ್ತಿಯ, 2 ಟನ್ ತೂಕದ ಟ್ರ್ಯಾಕ್ಟರ್. ಹಿಂದೆ ನಾಲ್ಕು ಗಾಲಿಯ ಟ್ರೇಲರ್, ಅದರ ಖಾಲಿ ತೂಕ ಒಂದೂವರೆ ಟನ್. ಮೇಲೆ ನಾಲ್ಕೂವರೆ ಟನ್ ಜೋಳ, ಅಂದರೆ 50 ಕೆ.ಜಿ.ಯ 90 ಚೀಲ. ಒಟ್ಟು 8 ಟನ್. ಒಳ್ಳೆಯ ಡಾಂಬರು ರಸ್ತೆಯಲ್ಲಿ ಗಾಲಿ ಉರುಳಲು ಒಟ್ಟು ತೂಕದ ನೂರಕ್ಕೆ ಮೂರು ಪಾಲಿನಷ್ಟು ಬಲ ಬೇಕೆಂದರೆ, ಇಲ್ಲಿ 240 ಕೆ.ಜಿ. ಎಳೆತ ಸಾಕು. 20 ಮೀಟರ್ ಸಾಗಿದರೆ 1 ಮೀಟರ್ ಏರುವ ದಿಬ್ಬ ಎದುರಾದರೆ ಇನ್ನೊಂದು 400 ಸೇರಿ 640 ಕೆ.ಜಿ. ಆಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಇದನ್ನು ಎಳೆಯಲು 47 ಅಶ್ವಶಕ್ತಿ ಬೇಕು, ಅಷ್ಟು ಇಲ್ಲ. ಗೇರ್ ಇಳಿಸಿ 8 ಕಿ.ಮೀ.ಗೆ ಬಂದರೆ 19 ಸಾಕು. ಗೇರ್‌ಪೆಟ್ಟಿಗೆಯ ಕೆಲಸವೇ ಅದು: ವೇಗ ಕೊಟ್ಟು ಬಲ ಕೊಳ್ಳುವುದು. ಅದಕ್ಕೇ ಎಂಜಿನ್ ಸಾಮಾನ್ಯವಾಗಿ "ಆಗೋದಿಲ್ಲ" ಅನ್ನುವುದಿಲ್ಲ.

ಆಗುವುದಿಲ್ಲ ಎಂದು ಹೇಳುವುದು ಹೊಲ. ಹಿರಿಯೂರು ಕಡೆಯ ಎರೆಮಣ್ಣಿನಲ್ಲಿ ಮಳೆ ಬಿದ್ದ ಮರುದಿನ ಗಾಲಿ ಉರುಳಲು ತೂಕದ ನೂರಕ್ಕೆ ಹದಿನೈದು ಪಾಲು ಬಲ ಬೇಕಾದೀತು, ಅಂದರೆ 1200 ಕೆ.ಜಿ. ಅಷ್ಟರಲ್ಲಿ ಹಿಂದಿನ ಗಾಲಿ ಜಾರಿ ಹೂತಿರುತ್ತದೆ. ಅಕ್ಕಪಕ್ಕದವರನ್ನು ಕರೆದು, ಚೀಲ ಇಳಿಸಿ, ಹೇಗೋ ಡಾಂಬರಿಗೆ ತಂದರೆ ಎಲ್ಲರಿಗೂ ನಿರಾಳ. ನನಗೆ ಅನ್ನಿಸುವಂತೆ ಹೊಲ ಪ್ರಾಮಾಣಿಕ, ಹೆಚ್ಚಾದರೆ ಅಲ್ಲೇ ಹೇಳಿಬಿಡುತ್ತದೆ. ಡಾಂಬರು ಮಾತ್ರ ಇಳಿಜಾರು ಬರುವವರೆಗೂ ಸುಮ್ಮನಿದ್ದು ಆಮೇಲೆ ಹೇಳುತ್ತದೆ.

ಈಗ ಅದೇ ಗಾಡಿಯನ್ನು ನಿಲ್ಲಿಸೋಣ. ನಮ್ಮ ಕಡೆಯ ಬಹುಪಾಲು ಕೃಷಿ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇಲ್ಲ. ಟ್ರ್ಯಾಕ್ಟರ್‌ಗಾದರೂ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗೆ. ಆ ಗಾಲಿಗಳ ಮೇಲೆ ಬೀಳುವ ತೂಕ ಸುಮಾರು 1300 ಕೆ.ಜಿ. ಒಣ ರಸ್ತೆಯಲ್ಲಿ ಟೈರಿನ ಹಿಡಿತ ಅದರ ನೂರಕ್ಕೆ ಅರವತ್ತು ಪಾಲು ಎಂದಿಟ್ಟುಕೊಂಡರೂ 780 ಕೆ.ಜಿ.ಗಿಂತ ಹೆಚ್ಚು ತಡೆ ಸಿಗದು. ಬ್ರೇಕ್ ಎಷ್ಟೇ ಹೊಸದಿರಲಿ, ಕಾಲು ಎಷ್ಟೇ ಗಟ್ಟಿ ಇರಲಿ, ಟೈರು ನೆಲವನ್ನು ಹಿಡಿಯುವ ಮಿತಿ ಇಷ್ಟೇ. 20 ಕಿ.ಮೀ. ವೇಗದಲ್ಲಿ ಬರಿ ಟ್ರ್ಯಾಕ್ಟರ್ 4 ಮೀಟರ್‌ನೊಳಗೆ ನಿಲ್ಲುತ್ತದೆ. 6 ಟನ್ ಬೆನ್ನಿಗಿದ್ದರೆ, ಗಾಲಿ ಉರುಳುವಾಗಿನ 240 ಕೆ.ಜಿ. ತಡೆಯನ್ನು ಬ್ರೇಕಿನ ತಡೆಗೆ ಕೂಡಿಸಿಕೊಂಡರೂ, ಸಮತಟ್ಟಿನಲ್ಲಿ 12 ಮೀಟರ್. ಮೊದಲು ಹತ್ತಿದ ದಿಬ್ಬವನ್ನೇ ಇಳಿಯುವಾಗ 20 ಮೀಟರ್. ಅದೇ ಇಳಿಜಾರಿನಲ್ಲಿ ಜಲ್ಲಿಪುಡಿ ಚೆಲ್ಲಿ ಹಿಡಿತ ಅರ್ಧಕ್ಕೆ ಇಳಿದಿದ್ದರೆ 55 ಮೀಟರ್. ವೇಗ 20ರ ಬದಲು 30 ಇದ್ದರೆ 120 ಮೀಟರ್ ದಾಟುತ್ತದೆ, ಏಕೆಂದರೆ ದೂರ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ. ಚಾಲಕ ಅಪಾಯ ಕಂಡು ಕಾಲೊತ್ತುವ ಮೊದಲು ಸಾಗಿದ ದೂರ ಇದರಲ್ಲಿ ಸೇರಿಲ್ಲ.

ಹಿಂದಿನ ಗಾಲಿ ಜಾರಿತೆಂದರೆ ಟ್ರೇಲರ್ ಟ್ರ್ಯಾಕ್ಟರನ್ನು ನೂಕುತ್ತಾ ಪಕ್ಕಕ್ಕೆ ಮಡಚುತ್ತದೆ. ಉಳುಮೆ ಮುಗಿಸಿ ನೇರ ರಸ್ತೆಗೆ ಬಂದವರು ಎಡ ಬಲ ಬ್ರೇಕ್ ಪೆಡಲುಗಳನ್ನು ಜೋಡಿಸುವ ಪಟ್ಟಿ ಹಾಕಲು ಮರೆತಿದ್ದರಂತೂ ಒಂದೇ ಗಾಲಿ ಹಿಡಿದು ಗಾಡಿ ಅತ್ತಲೇ ತಿರುಗೀತು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ.

ಎರಡು ಗಾಲಿಯ ಟ್ರೇಲರ್‌ನದು ಬೇರೆ ತೊಂದರೆ, ಅದನ್ನು ನಮ್ಮ ಅಜ್ಜಂದಿರು ಚೆನ್ನಾಗಿ ಬಲ್ಲವರಾಗಿದ್ದರು. ಎತ್ತಿನ ಗಾಡಿಗೆ ಚೀಲ ಹೇರುವಾಗ ಮೂಕಿ ಎತ್ತಿ ನೋಡುತ್ತಿದ್ದರು. ಮೂಕಿಭಾರವಾದರೆ ಎತ್ತಿನ ಹೆಗಲು ಸವೆಯುತ್ತದೆ, ಹಿಂಭಾರವಾದರೆ ನೊಗವೇ ಮೇಲೇಳುತ್ತದೆ. ಒಂದೆರಡು ಚೀಲ ಹಿಂದೆ ಮುಂದೆ ಸರಿಸಿದರೆ ಹದ. ಟ್ರ್ಯಾಕ್ಟರ್‌ನ ಹುಕ್ಕಿಗೂ ಇದೇ ನ್ಯಾಯ. ಹುಕ್ಕಿನ ಮೇಲೆ 500 ಕೆ.ಜಿ. ಕೂತಿತು, ಹುಕ್ಕು ಹಿಂದಿನ ಅಚ್ಚಿನಿಂದ 70 ಸೆಂ.ಮೀ. ಹಿಂದಿದೆ, ಎರಡು ಅಚ್ಚುಗಳ ನಡುವೆ 2 ಮೀಟರ್ ಅಂತರವಿದೆ ಎನ್ನಿ. ತಕ್ಕಡಿಯ ಲೆಕ್ಕದಲ್ಲಿ ಮುಂದಿನ ಗಾಲಿಗಳ ಮೇಲಿನ 700 ಕೆ.ಜಿ.ಯಲ್ಲಿ 175 ಹಗುರಾಯಿತು. ಅರ್ಧ ಮೀಟರ್ ಎತ್ತರದ ಹುಕ್ಕಿನಿಂದ 640 ಕೆ.ಜಿ. ಎಳೆಯುವಾಗ ಇನ್ನೊಂದು 160 ಹೋಯಿತು. ಉಳಿದದ್ದು 365. ಸ್ಟೇರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರ್ ತೂಕದ ಐದನೇ ಒಂದು ಪಾಲಾದರೂ, ಎಂದರೆ 400 ಕೆ.ಜಿ., ಮುಂದೆ ಇರಬೇಕೆಂಬುದು ಸಾಮಾನ್ಯ ನಿಯಮ. ಏರಿನಲ್ಲಿ ಮುಂದಿನ ಗಾಲಿ ತೇಲಾಡುವುದು ಇದಕ್ಕೇ. ಮುಂದೆ ಕಬ್ಬಿಣದ ತೂಕ ಕಟ್ಟಬಹುದು. ಸರಪಳಿಯನ್ನು ಮೇಲಿನ ಲಿಂಕಿಗೆ ಬಿಗಿದು ಎಳೆಯುವುದಂತೂ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುವ ನೇರ ದಾರಿ.

ಗಾಲಿಯ ಮೇಲೆ ಬೀಳುವ ಭಾರದ ಈ ಸೂತ್ರ ತಲೆಕೆಳಗಾಗಿ ಉಪಯೋಗಕ್ಕೂ ಬರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ಭಾರಿ ಭಾಗಗಳಂಥವನ್ನು ಎಳೆಯುವ ಪುಲ್ಲರ್ ಲಾರಿಗಳ ಬೆನ್ನಿಗೆ ಬೇಕೆಂದೇ ಭಾರ ಹೇರುವ ಪದ್ಧತಿಯಿದೆ. ಗಾಲಿ ನೆಲವನ್ನು ಒತ್ತಿದಷ್ಟೇ ಎಳೆತ.

ಹೇರುವಾಗ ಕಣ್ಣು ಮೋಸ ಮಾಡುತ್ತದೆ. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಟ್ರೇಲರ್ ತುಂಬ ಸಿಪ್ಪೆಯ ಕಡಲೆಕಾಯಿ ಸುರಿದರೆ ಹೆಚ್ಚುಕಡಿಮೆ 1 ಟನ್, ಜೋಳದ ಕಾಳಾದರೆ ಎರಡೂವರೆ ಟನ್, ಒದ್ದೆ ಮರಳಾದರೆ 6 ಟನ್. ಹೊಟ್ಟು, ಮೇವು ತುಂಬಲೆಂದು ಹಲಗೆ ಏರಿಸಿದ ಟ್ರೇಲರ್‌ಗೆ ಬೇಸಿಗೆಯಲ್ಲಿ ಜಲ್ಲಿ ತುಂಬಿದರೆ ಏನಾಗುತ್ತದೆಂದು ಓದುಗರೇ ಗುಣಿಸಿ ನೋಡಬಹುದು. ಟ್ರೇಲರ್‌ಗೂ ಪ್ರತ್ಯೇಕ ಆರ್‌ಸಿ ಇದೆ, ಖಾಲಿ ತೂಕ ಮತ್ತು ಹೊರೆ ಸಹಿತ ತೂಕ ಎರಡೂ ಅದರಲ್ಲಿರುತ್ತವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿ ಮೀರಿದರೆ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ಮತ್ತೆ 2,000.

ಆದರೆ ಆರ್‌ಸಿಯ ಅಂಕಿ ಟ್ರೇಲರ್ ಹೊರುವ ತೂಕದ್ದು, ಮುಂದಿರುವ ಟ್ರ್ಯಾಕ್ಟರ್ ನಿಲ್ಲಿಸಬಲ್ಲ ತೂಕದ್ದಲ್ಲ. ಅದಕ್ಕೆ ತಯಾರಕರ ಕೈಪಿಡಿ ತೆರೆಯಬೇಕು. ಅಂಥ ಕೈಪಿಡಿಗಳಲ್ಲಿ ಕಾಣುವ ಒಂದು ಮಿತಿ: ಸ್ವಂತ ಬ್ರೇಕ್ ಇಲ್ಲದ ಟ್ರೇಲರ್, ಹೊರೆಯೂ ಸೇರಿ, ಟ್ರ್ಯಾಕ್ಟರ್ ತೂಕದ ಒಂದೂವರೆ ಪಟ್ಟು ಮೀರಬಾರದು. ನಮ್ಮ ಉದಾಹರಣೆಗೆ ಅದು 3 ಟನ್. ಟ್ರೇಲರ್‌ನ ತೂಕ ಕಳೆದರೆ ಜೋಳಕ್ಕೆ ಉಳಿಯುವುದು ಒಂದೂವರೆ ಟನ್, 30 ಚೀಲ. 90 ಹೇರುವವರ ಮುಂದೆ 30 ಅಂದರೆ ನಗುತ್ತಾರೆ, ನಗಲು ಕಾರಣವೂ ಇದೆ: ಬಾಡಿಗೆ, ಡೀಸೆಲ್, ಹಮಾಲಿ ಎಲ್ಲವೂ ಟ್ರಿಪ್ಪಿನ ಲೆಕ್ಕ.

ಟ್ರಿಪ್ಪು ಹೆಚ್ಚಿಸದೆ ಈ ಗಂಟು ಬಿಡಿಸುವ ಉಪಾಯ ಹಳೆಯದು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ನಿಂತು ಗೂಡ್ಸ್ ರೈಲು ನೋಡಿ. ಉಕ್ಕಿನ ಹಳಿಯ ಮೇಲೆ 8 ಟನ್ ಉರುಳಲು 16 ಕೆ.ಜಿ. ಎಳೆತ ಸಾಕು, ಹಾಗಾಗಿ ಎಳೆಯುವುದು ಅಲ್ಲಿ ಸಲೀಸು, ನಿಲ್ಲಿಸುವುದೇ ಕಷ್ಟ. ಹಿಂದೆ ಬೋಗಿಯಿಂದ ಬೋಗಿಗೆ ಆಳು ಓಡಿ ಕೈಯಿಂದ ಬ್ರೇಕ್ ತಿರುಗಿಸುತ್ತಿದ್ದ. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಯ ಬ್ರೇಕಿಗೆ ಪೇಟೆಂಟ್ ಪಡೆದ ಮೇಲೆ ಪ್ರತಿ ಬೋಗಿಯೂ ತನ್ನ ಭಾರವನ್ನು ತಾನೇ ತಡೆಯತೊಡಗಿತು. ಎತ್ತಿನ ಗಾಡಿಯಲ್ಲೂ ಮರದ ಬಿರಿ ಒತ್ತುತ್ತಿದ್ದುದು ಗಾಡಿಯ ಗಾಲಿಯನ್ನೇ. ಇಳಿಜಾರಿನಲ್ಲಿ ಎತ್ತಿನ ಕೊರಳನ್ನು ನಂಬಿ ಯಾರೂ ಹೊರೆ ಬಿಡುತ್ತಿರಲಿಲ್ಲ.

ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಒತ್ತಡದಿಂದಲೇ ಟ್ರೇಲರ್‌ನ ಗಾಲಿಗಳಿಗೆ ಬ್ರೇಕ್ ಹಾಕುವ ವ್ಯವಸ್ಥೆ ಇದೆ. ಹೊಸದುರ್ಗದ ಕಡೆ ಹೊಸ ಟ್ರೇಲರ್ ಮಾಡಿಸಿದ ತೆಂಗಿನ ತೋಟದ ಯಜಮಾನರೊಬ್ಬರು ಪಟ್ಟಿಯ ದಪ್ಪ, ಟೈರು, ಹಿಂಬಾಗಿಲ ಮೇಲೆ ಬರೆಸಿದ ಮನೆದೇವರ ಹೆಸರು ಎಲ್ಲ ತೋರಿಸಿದರು. ಬ್ರೇಕ್ ಎಲ್ಲಿ ಎಂದೆ.

"ಅದು ಇಂಜಿನ್‌ಗೆ ಐತಲ್ಲ ಸಾರ್!"